ಕಿಟಕಿಗೆ ಕಟ್ಟಿದ ನೀಲಿ ನೂಲು

ಸೌಮ್ಯ ನನ್ನ ಮೊಮ್ಮಗನ ಹೆಂಡತಿ. ಬಿ.ಸಿ.ರೋಡಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದ್ದು. ನನಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ ದಾಟಿತು. ಮೂರು ತಿಂಗಳಿಗೊಮ್ಮೆ ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ರಬ್ಬರು ಬಿಗಿದು ಸೂಜಿ ಚುಚ್ಚುತ್ತಾಳೆ. ಸೂಜಿಯ ಹೆದರಿಕೆ ನನಗಿಲ್ಲ. ನನಗೆ ಆಗದ್ದು ಅವಳ ಮೇಜಿನ ಮೇಲಿರುವ ಸ್ಟ್ಯಾಂಡು. ಅದರ ತುಂಬ ಬೆರಳುದ್ದದ ಕೊಳವೆಗಳು, ಒಂದೊಂದಕ್ಕೆ ಒಂದೊಂದು ಬಣ್ಣದ ಮುಚ್ಚಳ. ಕೆಂಪು, ಹಳದಿ, ಹಸಿರು, ನೀಲಿ. ಸ್ಪಿರಿಟಿನ ವಾಸನೆ ಮೂಗಿಗೆ ಹತ್ತಿ, ಕಣ್ಣು ಆ ಸಾಲಿನ ಮೇಲೆ ಬಿದ್ದರೆ ಸಾಕು, ಎಂಬತ್ತೈದರ ನಾನು ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಇಪ್ಪತ್ತೆರಡರ ಹೆಂಗಸಾಗುತ್ತೇನೆ. ನಾಚಿಕೆಯಾಗುತ್ತದೆ. ಇಷ್ಟು ವರ್ಷ ಆದ ಮೇಲೂ ಕಿವಿ ಬಿಸಿಯಾಗುತ್ತದೆ.

ಕಳೆದ ಸಲ ಹೋದಾಗ ಲೀಲ ಜೊತೆಗಿದ್ದಳು. ಲೀಲ ನನ್ನ ಗಂಡನ ತಂಗಿ. ಮೂಡಬಿದ್ರೆಗೆ ಮದುವೆಯಾಗಿ ಹೋದವಳು ಅಲ್ಲಿಯೇ ಮುದುಕಿಯಾದಳು. ಅವಳಿಗೂ ಸಕ್ಕರೆ ಕಾಯಿಲೆ. ಎರಡು ದಿನ ಇರಲಿಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳ ಪಾದದ ಮೇಲೆ ಪಟ್ಟಿಯ ಗುರುತು ಗುಂಡಿ ಬಿದ್ದಿದ್ದನ್ನು ಸೌಮ್ಯ ನೋಡಿದಳು.

"ಅಜ್ಜಿ, ಕಾಲು ಊದಿದೆಯಲ್ಲ. ನಿಮ್ಮದೂ ರಕ್ತ ತೆಗೆಯುವ. ಕ್ರಿಯಾಟಿನಿನ್ ಎಷ್ಟು ಉಂಟು ನೋಡುವ."

ಲೀಲ ಕೈಯನ್ನು ಸೆರಗಿನೊಳಗೆ ಅಡಗಿಸಿದಳು. "ನನಗೆ ಎಂತಕ್ಕೆ ಮಾರಾಯ್ತಿ? ಬೆರಳಿಗೆ ಚುಚ್ಚುವ ಮೆಶಿನು ಮನೆಯಲ್ಲಿ ಉಂಟು. ಸಕ್ಕರೆ ಮೊದಲಿಗಿಂತ ಎಷ್ಟೋ ಕಮ್ಮಿ ಬರ್ತದೆ. ಮಾತ್ರೆಯನ್ನೇ ಅರ್ಧ ಮಾಡಿದ್ದೇನೆ ನಾನು. ಬೇಕಾದರೆ ಅತ್ತಿಗೆಯನ್ನು ಕೇಳು. ನಮ್ಮ ಅಮ್ಮನನ್ನು ಇವರು ಒಂದು ಸೂಜಿ ಚುಚ್ಚಿಸದೆ ನೋಡಿಕೊಂಡಿದ್ದಾರೆ. ಅಂಥ ಸೊಸೆ ಬಂಟ್ವಾಳದಲ್ಲಿ ಇನ್ನೊಬ್ಬಳು ಇರಲಿಲ್ಲ."

ಸೌಮ್ಯ ನನ್ನ ಮುಖ ನೋಡಿದಳು. ಲೀಲಳೂ ನೋಡಿದಳು, ನಗುತ್ತಾ.

ಅತ್ತೆಗೆ ಕಾಯಿಲೆ ಬಂದಾಗ ನನಗೆ ಮದುವೆಯಾಗಿ ಎರಡು ವರ್ಷ. ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷವಾಗಿತ್ತು. ತವರು ನಾರಾವಿ, ಬೆಳ್ತಂಗಡಿಯಿಂದಲೂ ಆಚೆ. ಮೂರನೇ ಕ್ಲಾಸಿನವರೆಗೆ ಓದಿದ್ದೆ. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಬಂಟ್ವಾಳದಲ್ಲಿ ಹೊಳೆಯ ಮೇಲಿನ ಏರಿನಲ್ಲಿ ಮನೆ. ಮನೆಯಲ್ಲಿ ಅತ್ತೆ ಮತ್ತು ನಾನು. ಇಬ್ಬರೂ ಬೀಡಿ ಕಟ್ಟುತ್ತಿದ್ದೆವು. ಬೆಳಿಗ್ಗೆ ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಮೊರದಂಥ ಗೆರಸೆ ತೊಡೆಯ ಮೇಲಿಟ್ಟು ಕೂತರೆ ಮಧ್ಯಾಹ್ನ ಗಂಜಿಗೆ ಏಳುವುದು. ಅತ್ತೆಯ ಹೆಸರು ದುಗ್ಗಮ್ಮ. ಬಾಯಿ ಜೋರು, ಬೆರಳು ಅದಕ್ಕಿಂತ ಜೋರು. ನಾನು ನೂರು ಬೀಡಿ ಕಟ್ಟುವಾಗ ಅವರದ್ದು ನೂರೈವತ್ತು ಆಗಿರುತ್ತಿತ್ತು. "ನಾರಾವಿಯಲ್ಲಿ ಬೆರಳಿಗೂ ಮಧ್ಯಾಹ್ನ ನಿದ್ದೆ ಉಂಟಾ?" ಎಂದು ಕೇಳುತ್ತಿದ್ದರು.

ಆ ವರ್ಷದ ಬೇಸಿಗೆಯ ಸೆಕೆಯಲ್ಲಿ ಆ ಬೆರಳುಗಳು ನಿಧಾನವಾದವು. ಒಂದು ಕೊಡಪಾನ ನೀರು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಗೆರಸೆ ಕೆಳಗಿಟ್ಟು ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಬಚ್ಚಲ ಕಲ್ಲಿನ ಮೇಲೆ ಇರುವೆ ಕಪ್ಪಗೆ ಮುತ್ತಿದ್ದನ್ನು ಪಕ್ಕದ ಮನೆಯ ಸೀತಕ್ಕ ಮೊದಲು ನೋಡಿದ್ದು.

"ದುಗ್ಗಕ್ಕಾ, ನಿಮ್ಮ ಬಚ್ಚಲಲ್ಲಿ ಇರುವೆಗಳಿಗೆ ಮದುವೆ ಊಟ ಉಂಟಾ ಇವತ್ತು?"

ನಕ್ಕೆವು. ಆಮೇಲೆ ಸೀತಕ್ಕನೇ ಮೆಲ್ಲಗೆ, "ಇದು ಸಿಹಿಮೂತ್ರ, ಪೇಟೆಯ ಡಾಕ್ಟ್ರಿಗೆ ತೋರಿಸಿ" ಎಂದಳು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅತ್ತೆಯ ಮೂತ್ರವನ್ನು ನಮ್ಮ ಮುಂದೆಯೇ ಪರೀಕ್ಷೆ ಮಾಡಿದರು. ಗಾಜಿನ ಕೊಳವೆಗೆ ನೀಲಿ ಮದ್ದು ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಬೆಂಕಿಗೆ ಹಿಡಿದರು. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ನೋಡುತ್ತಿದ್ದಂತೆ ಹಂಚಿನ ಬಣ್ಣ. ಹೊಸ ಮಂಗಳೂರು ಹಂಚಿನದ್ದೇ ಬಣ್ಣ. "ಇಷ್ಟು ಸಕ್ಕರೆ ಹೋಗ್ತಾ ಉಂಟು" ಎಂದರು. ಮಾತ್ರೆ ಕೊಟ್ಟರು. ಬೆಲ್ಲ ಬೇಡ, ಅನ್ನ ಕಡಿಮೆ. ವಾರಕ್ಕೆರಡು ಸಲ ಮನೆಯಲ್ಲೇ ಹೀಗೆ ಬಣ್ಣ ನೋಡಬೇಕು, ತಿಂಗಳಿಗೊಮ್ಮೆ ತಮಗೆ ಬಂದು ಹೇಳಬೇಕು. ಕೆಂಪು ಬಂದರೆ ಕೆಟ್ಟದ್ದು, ನೀಲಿ ನೀಲಿಯಾಗಿಯೇ ಉಳಿದರೆ ಒಳ್ಳೆಯದು.

ಹೊಸದಾಗಿ ಮದುವೆಯಾದ ಲೀಲ ಅಂದು ಮೂಡಬಿದ್ರೆಯಿಂದ ಬಂದಿದ್ದಳು. "ನನಗೆ ಹೇಳಿಕೊಡಿ ಡಾಕ್ಟ್ರೇ. ನಾನು ಎಂಟನೇ ಕ್ಲಾಸು. ಅತ್ತಿಗೆಯದ್ದು ಮೂರನೆಯದ್ದು. ಅವರು ಎಂತ ಬರೆದಿಡ್ತಾರೆ?"

"ನೀನು ಮೂಡಬಿದ್ರೆಯಲ್ಲಿ, ಅಮ್ಮ ಇಲ್ಲಿ. ಮೂತ್ರವನ್ನು ಬಸ್ಸಿಗೆ ಟಿಕೇಟು ಮಾಡಿ ಕಳಿಸುವುದಾ?" ಎಂದು ಡಾಕ್ಟರು ಕೊಳವೆಯನ್ನೂ ನೀಲಿ ಮದ್ದಿನ ಬಾಟಲಿಯನ್ನೂ ನನ್ನ ಕೈಗೆ ಕೊಟ್ಟರು. "ಇವಳಿಗೆ ಬಣ್ಣ ಗೊತ್ತಾದರೆ ಸಾಕು."

ಲೀಲಳ ಮುಖ ಸಣ್ಣದಾಯಿತು. ನನ್ನದು ಎಷ್ಟು ದೊಡ್ಡದಾಯಿತು ಎಂಬುದನ್ನು ಈಗ ಹೇಳಲಿಕ್ಕೆ ಹೇಸಿಗೆಯಾಗುತ್ತದೆ.

ಬರೆದಿಡುವ ಬದಲು ನಾನು ನೂಲು ಕಟ್ಟಿದೆ. ಬೀಡಿಯ ನೂಲು ಕೆಂಪು, ಅದು ಮನೆಯಲ್ಲಿ ಬೇಕಾದಷ್ಟಿತ್ತು. ಬಚ್ಚಲ ಕಿಟಕಿಯ ಸರಳಿಗೆ ಒಂದು ಹುರಿ ಇಳಿಬಿಟ್ಟು, ಮಂಗಳವಾರ ಶುಕ್ರವಾರ ಬಣ್ಣ ನೋಡಿ ಅದೇ ಬಣ್ಣದ ಒಂದು ಗಂಟು ಹಾಕುವುದು. ಹಳದಿಗೆ ಬಿಳಿ ನೂಲನ್ನು ಅರಸಿನದಲ್ಲಿ ಅದ್ದಿದೆ. ಹಸಿರು ಹಳೆಯ ರವಿಕೆಯಿಂದ ಬಂತು. ನೀಲಿಯ ಯೋಚನೆ ಆಗ ನನಗಿರಲಿಲ್ಲ.

ಮೊದಮೊದಲು ಅತ್ತೆ ಒಪ್ಪಲೇ ಇಲ್ಲ. "ಸೊಸೆ ನನ್ನ ಉಚ್ಚೆ ಬೇಯಿಸುವುದಾ? ಇದಕ್ಕಿಂತ ಸಾಯುವುದು ಒಳ್ಳೇದು." ನಾನು ಕೊಳವೆಯನ್ನು ಬಿದಿರಿನ ಸೀಳಿನಲ್ಲಿ ಸಿಕ್ಕಿಸಿ ಬಚ್ಚಲೊಲೆಗೆ ಹಿಡಿದು ಕೂತರೆ ಸೀತಕ್ಕ ಬೇಲಿಯಾಚೆಯಿಂದ, "ಗಿರಿಜಾ, ಇವತ್ತು ಎಂತ ಸಾರು? ಒಂದು ಸೌಟು ಇಲ್ಲಿಗೂ ಇರಲಿ" ಎನ್ನುತ್ತಿದ್ದಳು. ಹದಿನೈದು ದಿನ ಕಳೆಯುವುದರೊಳಗೆ ಅದೇ ಸೀತಕ್ಕ ಸೆರಗಿನ ಮರೆಯಲ್ಲಿ ತನ್ನ ಗಂಡನದ್ದನ್ನು ಲೋಟದಲ್ಲಿ ತಂದಳು. ಆಮೇಲೆ ಕೆಳಗಿನ ಮನೆಯವರು, ಹೊಳೆಬದಿಯವರು. ಮದುವೆಯಾಗಿ ಎರಡು ವರ್ಷ ನನ್ನ ಹೆಸರು ಹಿಡಿದು ಕರೆಯದವರು 'ಗಿರಿಜಕ್ಕ' ಎಂದು ಕರೆಯತೊಡಗಿದರು. ನಾನು ಕೊಳವೆಯನ್ನು ಬೆಳಕಿಗೆ ಹಿಡಿದು, ತಡಮಾಡಿ, ತಲೆ ಆಡಿಸಿ ಹೇಳುತ್ತಿದ್ದೆ. ತಡಮಾಡುವ ಅಗತ್ಯವಿರಲಿಲ್ಲ.

ಎರಡು ತಿಂಗಳು ಹುರಿಯಲ್ಲಿ ಕೆಂಪೇ ಕೆಂಪು. ಮಳೆ ಹಿಡಿಯುವ ಹೊತ್ತಿಗೆ ಹಳದಿ ಬಂತು. ಆಟಿ ತಿಂಗಳ ಅಮಾವಾಸ್ಯೆಯ ಮುಂಜಾನೆ ಊರವರೆಲ್ಲ ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿದರು, ಅತ್ತೆಯೂ ಕುಡಿದರು. ಅದರ ಮರುವಾರ ಹಸಿರು. ಇನ್ನೊಂದು ವಾರ ಕಳೆದು ಒಂದು ಶುಕ್ರವಾರ, ಕೊಳವೆ ಕುದಿದು ಕುದಿದು ಉಕ್ಕಿದರೂ ಮದ್ದು ನೀಲಿಯಾಗಿಯೇ ನಿಂತಿತು. ಎರಡನೆಯ ಸಲ ಮಾಡಿದೆ. ನೀಲಿ.

ಮನೆಯಲ್ಲಿ ನೀಲಿ ನೂಲಿರಲಿಲ್ಲ. ಪೆಟ್ಟಿಗೆ ತೆಗೆದು ನನ್ನ ಮದುವೆಯ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಗಂಟು ಹಾಕಿದೆ. ಮಂಗಳವಾರ ಇನ್ನೊಂದು ಎಳೆ. ಕೆಲವರು ಹಾಲೆಯ ಕಷಾಯದ ಗುಣ ಎಂದರು. ನನಗೆ ಅದು ಕೂಡ ಸಹನೆಯಾಗಲಿಲ್ಲ. ನನ್ನ ಗುಣ ಅದು ಎಂದು ನನಗೆ ಖಾತ್ರಿಯಿತ್ತು. ಗಂಡನಿಗೆ ವಕ್ರ ಅಕ್ಷರದಲ್ಲಿ ಕಾಗದ ಬರೆದೆ: ಅಮ್ಮನಿಗೆ ನೀಲಿ ಬಂತು.

ಆಗ ಕಣ್ಣಾರೆ ನೋಡಿದ್ದನ್ನು ಈಗ ನೋಡಿದ ಹಾಗೆಯೇ ಹೇಳುತ್ತೇನೆ. ಅದೇ ದಿನಗಳಲ್ಲಿ ಅತ್ತೆಯ ಊಟ ಅರ್ಧಕ್ಕೆ ಇಳಿದಿತ್ತು. ಬೆಳಿಗ್ಗೆ ಏಳುವಾಗ ಕಣ್ಣಿನ ಕೆಳಗೆ ಚೀಲದ ಹಾಗೆ ಊದಿರುತ್ತಿತ್ತು, ಮಧ್ಯಾಹ್ನಕ್ಕೆ ಆ ಊತ ಕಾಲಿಗೆ ಇಳಿಯುತ್ತಿತ್ತು. ಕೈಯ ಉಂಗುರ ಬೆರಳಿಗೆ ಬಿಗಿಯಿತೆಂದು ಎಣ್ಣೆ ಹಚ್ಚಿ ತೆಗೆದುಕೊಟ್ಟವಳು ನಾನೇ. ಮೈಯೆಲ್ಲ ತುರಿಕೆ ಎಂದು ಗೋಡೆಗೆ ಬೆನ್ನು ಉಜ್ಜುತ್ತಿದ್ದರು. ನೋಡಲು ಬಂದ ಹೆಂಗಸರು, "ದುಗ್ಗಕ್ಕನ ಮುಖ ತುಂಬಿಕೊಂಡಿದೆ. ಸೊಸೆಯ ಆರೈಕೆ ಮೈಗೆ ಹತ್ತಿದೆ" ಎಂದರು. ಒಣಗಿ ಕಡ್ಡಿಯಾಗಿದ್ದವರ ಕೆನ್ನೆ ತುಂಬಿದರೆ ಆರೋಗ್ಯ ಬಂತು ಎನ್ನುವುದು ನಮ್ಮವರ ಲೆಕ್ಕ. ನಾನೂ ಹಾಗೆಯೇ ಅಂದುಕೊಂಡೆ. ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಹಿಂದಿನ ತಿಂಗಳುಗಳಲ್ಲಿ ಡಾಕ್ಟರಿಗೆ ಬಣ್ಣವನ್ನು ಬಾಯಲ್ಲೇ ಹೇಳಿ ಬಂದಿದ್ದೆ. ಈ ಸಲ ಆಟಿ ಮುಗಿಯುವ ಮೊದಲು ಹುರಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಡಾಕ್ಟರಲ್ಲಿಗೆ ಹೋದೆ. ಮಳೆ, ಏರು ಹತ್ತಲು ಅತ್ತೆಗೆ ಉಬ್ಬಸ, ಹಾಗಾಗಿ ಒಬ್ಬಳೇ ಹೋದೆ. ಮೇಜಿನ ಮೇಲೆ ಹುರಿ ಬಿಚ್ಚಿ ಹಾಸಿದೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೆಂಪಿನಿಂದ ನೀಲಿಯವರೆಗೆ ಬೆರಳು ಎಳೆದರು.

"ಇದು ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ. ನಾನೇ."

"ಒಳ್ಳೆ ಕೆಲಸ." ಆಮೇಲೆ ನೀಲಿಯ ಮೇಲೆ ಬೆರಳು ನಿಲ್ಲಿಸಿದರು. "ಇದು ಇಷ್ಟು ಬೇಗ ಬರಬಾರದಲ್ಲ. ಊಟ ಮಾಡ್ತಾರಾ?"

"ಮಾಡ್ತಾರೆ."

"ಕಾಲು ಊದಿದೆಯಾ? ಮುಖ?"

"ಇಲ್ಲ."

ಯಾಕೆ ಹಾಗೆ ಹೇಳಿದೆ? ಅವರು ನನ್ನ ಕೊಳವೆಯನ್ನು ನಂಬುವುದಿಲ್ಲ ಎಂದು ತೋರಿತು. ಎಂಟನೇ ಕ್ಲಾಸಿನವಳು ಬಣ್ಣ ನೋಡಿದ್ದರೆ ಹೀಗೆ ಕೇಳುತ್ತಿದ್ದರೇ ಎಂದು ತೋರಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸುಳ್ಳಾಗುತ್ತದೆ.

ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದರು. "ನೋಡಮ್ಮ, ಮೂತ್ರ ಹೇಳುವುದನ್ನು ರಕ್ತವೂ ಹೌದು ಅನ್ನಬೇಕು. ರಕ್ತದಲ್ಲಿ ಯೂರಿಯ ಅಂತ ಒಂದು ಉಂಟು. ಸಕ್ಕರೆ ಕಾಯಿಲೆಯವರಿಗೆ ಮೂತ್ರಪಿಂಡ ಕೆಟ್ಟರೆ ಅದು ಏರುತ್ತದೆ. ಅದನ್ನು ನೋಡುವುದು ಇಲ್ಲಿ ಆಗುವುದಿಲ್ಲ, ಮಂಗಳೂರಿಗೆ ಹೋಗಬೇಕು. ಈ ವಾರವೇ ಕರಕೊಂಡು ಹೋಗು. ತಡ ಮಾಡಬೇಡ."

ಹೂಂ ಎಂದೆ. ಮನೆಗೆ ಬಂದಾಗ ಅತ್ತೆ ಜಗಲಿಯ ಚಿಟ್ಟೆಯಲ್ಲಿ ಗೋಡೆಗೊರಗಿ ಕೂತಿದ್ದರು. "ಎಂತ ಹೇಳಿದರು?"

"ಒಳ್ಳೆ ಕೆಲಸ ಅಂತ ಹೇಳಿದರು."

ಸುಳ್ಳಲ್ಲವಲ್ಲ. ಅವರು ಹೇಳಿದ್ದರಲ್ಲಿ ಅದೂ ಇತ್ತು. ಚೀಟಿಯನ್ನು ಬೀಡಿ ಕತ್ತರಿಯ ಡಬ್ಬಿಯೊಳಗೆ ಇಟ್ಟೆ. ಮಳೆ ಬಿಡಲಿ ಎಂದುಕೊಂಡೆ. ಇನ್ನೊಂದು ನೀಲಿ ಬರಲಿ, ಡಾಕ್ಟರಿಗೇ ತೋರಿಸುವ ಎಂದುಕೊಂಡೆ. ನೀಲಿ ಬರುತ್ತಲೇ ಇತ್ತು. ಸೀರೆಯ ಅಂಚು ಗೇಣುದ್ದ ಸಡಿಲಾಯಿತು. ಮುಂದಿನ ತಿಂಗಳು ಡಾಕ್ಟರಲ್ಲಿಗೆ ಹೋಗಲಿಲ್ಲ. ಹೋದರೆ ರಕ್ತ ಎಲ್ಲಿ ಎಂದು ಕೇಳುತ್ತಾರಲ್ಲ.

ಆಟಿಯ ಮುಂದಿನ ಸೋಣ ತಿಂಗಳೂ ಕಳೆದು ಹೊಸಕ್ಕಿ ಊಟದ ದಿನ ಲೀಲ ಬಂದಳು. ಅವಳು ಅಂಗಳದಲ್ಲಿ ಕೊಡೆ ಮಡಚುವಾಗ ನಾನು ಬಚ್ಚಲಲ್ಲಿದ್ದೆ. ಅತ್ತೆಯ ಮುಖ ನೋಡಿದ ಕೂಡಲೇ ಅವಳ ಸ್ವರ ಬದಲಾದದ್ದು ಒಳಗೆ ಕೇಳಿತು. "ಅಮ್ಮಾ, ಇದೆಂತ ಮುಖ? ಡಾಕ್ಟ್ರು ಎಂತ ಹೇಳಿದ್ದಾರೆ? ಚೀಟಿ ಎಂತಾದರೂ ಉಂಟಾ ಅತ್ತಿಗೆ? ತನ್ನಿ, ನಾನು ಓದ್ತೇನೆ."

'ನಾನು ಓದ್ತೇನೆ' ಎಂದದ್ದು ನನಗೆ ಚುಚ್ಚಿತು. ಅವಳು ಹಾಗೆ ಚುಚ್ಚಲಿಕ್ಕೆ ಹೇಳಿದ್ದಲ್ಲ ಎಂದು ಈಗ ಗೊತ್ತು. ಎಲೆ ನೆನೆಸುವಾಗ ತಂದಿಟ್ಟ ಕತ್ತರಿಯ ಡಬ್ಬಿ ಬಚ್ಚಲ ಕಟ್ಟೆಯ ಮೇಲೆಯೇ ಇತ್ತು. ಚೀಟಿ ತೆಗೆದು ಒಲೆಗೆ ಹಾಕಿದೆ. ಅದೇ ಒಲೆ, ಅತ್ತೆಯ ಬಣ್ಣ ನೋಡುವ ಒಲೆ. ಕಾಗದ ಒಂದು ಕ್ಷಣದಲ್ಲಿ ಕಪ್ಪಾಗಿ ಮಡಚಿಕೊಂಡು ಹೋಯಿತು. ಹೊರಗೆ ಬಂದು ಹುರಿ ತೋರಿಸಿದೆ.

"ಎಂತ ಚೀಟಿ? ನೋಡು, ಹನ್ನೆರಡು ನೀಲಿ ಗಂಟು. ಅಮ್ಮ ಎರಡು ತುತ್ತು ತಿಂದು ಮುಖ ತುಂಬಿಸಿಕೊಂಡದ್ದು ನಿನ್ನ ಕಣ್ಣು ಕುಕ್ಕುತ್ತದಾ?"

ಲೀಲ ಹುರಿ ಹಿಡಿದು ಒಂದೊಂದೇ ಗಂಟು ಮುಟ್ಟಿದಳು. ಅವಳ ಕಣ್ಣಲ್ಲಿ ನೀರು ಬಂತು. "ನಾನು ಸುಮ್ಮನೆ ಹೆದರಿದೆ ಅತ್ತಿಗೆ. ನೀವು ಇಲ್ಲದಿದ್ದರೆ ಅಮ್ಮನ ಗತಿ ಎಂತ" ಎಂದು ನನ್ನ ಕೈ ಹಿಡಿದಳು. ಆ ದಿನ ಅತ್ತೆಗೆ ಪಾಯಸ ಬಡಿಸಿದೆ. ಉಪ್ಪಿನಕಾಯಿ, ಒಣಮೀನು ಯಾವುದಕ್ಕೂ ತಡೆ ಇಟ್ಟಿರಲಿಲ್ಲ. ನೀಲಿ ಬಂದವರಿಗೆ ಎಂಥ ಪಥ್ಯ.

ದೀಪಾವಳಿಗೆ ಹತ್ತು ದಿನವಿರುವಾಗ ಅತ್ತೆಗೆ ಬಿಕ್ಕಳಿಕೆ ಹಿಡಿಯಿತು. ಬಿಟ್ಟು ಬಿಟ್ಟು ವಾಂತಿ. ಬಾಯಿಯ ಹತ್ತಿರ ಹೋದರೆ ಮೂತ್ರದ್ದೇ ವಾಸನೆ. ಕೂತಲ್ಲೇ ತೂಕಡಿಸುವುದು, ಕರೆದರೆ ಕಣ್ಣು ತೆರೆದು, "ನೂರು ಆಯ್ತಾ?" ಎಂದು ಬೀಡಿಯ ಎಣಿಕೆ ಕೇಳುವುದು. ಸೀತಕ್ಕನ ಗಂಡ ಬಾಡಿಗೆ ಕಾರು ತಂದ. ಡಾಕ್ಟರ ಮನೆಯ ಮುಂದೆ ನಿಲ್ಲಿಸಿದೆವು. ಅವರು ಕಾರಿನೊಳಗೆ ಬಗ್ಗಿ ಅತ್ತೆಯ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಂಡಿ ಹಾಗೆಯೇ ಉಳಿಯಿತು. ನನ್ನ ಕಡೆ ತಿರುಗಿ, "ರಕ್ತದ ರಿಪೋರ್ಟು?" ಎಂದರು.

ನಾನು ಅತ್ತೆಯ ಸೀರೆಯನ್ನು ಆ ಕಾಲಿನ ಮೇಲೆ ಎಳೆದೆ. ಅವರು ಕಾರಿನವನಿಗೆ, ಮಂಗಳೂರಿಗೆ ಬಿಡು, ಬೇಗ ಎಂದರು.

ಮಂಗಳೂರಿನಲ್ಲಿ ರಕ್ತ ತೆಗೆದರು. ಎಷ್ಟಿರಬೇಕೋ ಅದರ ಎಷ್ಟೋ ಪಟ್ಟು ಯೂರಿಯ. ಅಲ್ಲಿಯ ಡಾಕ್ಟರು ಯುವಕ. ನಾನು ಚೀಲದಿಂದ ಹುರಿ ತೆಗೆದು ತೋರಿಸಿದೆ. ಆಗಲೂ ತೋರಿಸಿದೆ ನಾನು! ಅವರು ಬೈಯಲಿಲ್ಲ. "ಮೂತ್ರಪಿಂಡ ಸೋಸಿದರೆ ಸಕ್ಕರೆ ಹೊರಗೆ ಬರ್ತದೆ. ಸೋಸುವುದೇ ನಿಂತರೆ ನಿಮ್ಮ ಮದ್ದು ನೀಲಿಯಾಗಿಯೇ ಉಳಿಯುತ್ತದೆ. ರೋಗ ಹೋದದ್ದಲ್ಲ, ರೋಗ ಹೆಚ್ಚಾದದ್ದು" ಎಂದರು. ಮೊದಲೇ ಗೊತ್ತಾಗಿದ್ದರೆ ಎಂದು ಕೇಳಿದೆ. ಗುಣ ಮಾಡುವ ಮದ್ದು ಇಲ್ಲ, ಆದರೆ ಉಪ್ಪು ನಿಲ್ಲಿಸಿ, ಊಟ ಮದ್ದು ಬದಲಿಸಿ ಸ್ವಲ್ಪ ಕಾಲ ದೂಡಬಹುದಿತ್ತು ಎಂದರು. ಎಷ್ಟು ಕಾಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ತೀರಿಕೊಂಡರು. ಬೆರಳುಗಳು ಹೊದಿಕೆಯ ಮೇಲೆ ಬೀಡಿ ಸುತ್ತುತ್ತಿದ್ದವು, ನಿಂತವು. ಲೀಲ ಬರುವಾಗ ಎಲ್ಲ ಮುಗಿದಿತ್ತು. "ಎಂತಾಯ್ತು ಅತ್ತಿಗೆ?" ಎಂದು ಅಳುತ್ತಾ ಕೇಳಿದಳು. "ಜ್ವರ ತಲೆಗೆ ಏರಿತು" ಎಂದೆ. ಗಂಡನಿಗೂ ಅದೇ ಬರೆದೆ. ಉತ್ತರಕ್ರಿಯೆಯ ದಿನ ಹೆಂಗಸರು ನನ್ನನ್ನು ಮಧ್ಯದಲ್ಲಿ ಕೂರಿಸಿ ಹೊಗಳಿದರು. ಹೇತದ್ದು ಉಚ್ಚೆ ಹೊಯ್ದದ್ದು ಎಲ್ಲ ಬಳಿದ ಸೊಸೆ, ಹುರಿ ಕಟ್ಟಿ ಕಾದ ಸೊಸೆ. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು. ಹುರಿಯನ್ನು ಹೊಳೆಗೆ ಹಾಕಿದೆ. ಕೊಳವೆಯನ್ನು ಕಲ್ಲಿಗೆ ಹೊಡೆದೆ. ಯಾರಾದರೂ ಲೋಟ ತಂದರೆ, ನನಗೆ ಕಣ್ಣು ಕಾಣುವುದಿಲ್ಲ ಎಂದೆ. ಇಪ್ಪತ್ತೆರಡು ವರ್ಷಕ್ಕೆ ಕಣ್ಣು ಕಾಣದ ಹೆಂಗಸು.

ಅಂದಿನಿಂದ ಲೀಲ ನನ್ನನ್ನು ಹೊಗಳುತ್ತಲೇ ಬಂದಳು. ತನ್ನ ಸೊಸೆಗೆ ನನ್ನ ಮಾದರಿ ಹೇಳಿದಳು, ಮೊಮ್ಮಕ್ಕಳಿಗೆ ಹೇಳಿದಳು. ಫೋನು ಬಂದ ಮೇಲೆ ಭಾನುವಾರ ಹತ್ತು ಗಂಟೆಗೆ ತಪ್ಪದೆ ಫೋನು ಮಾಡುತ್ತಿದ್ದಳು. ಅರುವತ್ತು ವರ್ಷಕ್ಕಿಂತ ಹೆಚ್ಚು ನಾನು ಅದನ್ನು ಬಾಯಿಮುಚ್ಚಿ ಕೇಳಿದೆ.

ಆ ದಿನ ಲ್ಯಾಬಿನಲ್ಲಿ ಅವಳ ಕಾಲಿನ ಗುಂಡಿ, ಕಡಿಮೆಯಾದ ಸಕ್ಕರೆ, ಅರ್ಧ ಮಾಡಿದ ಮಾತ್ರೆ. ಸೆರಗಿನೊಳಗೆ ಅಡಗಿಸಿದ ಕೈ. ನಾನು ಸುಮ್ಮನಿದ್ದರೆ ಅವಳು ನಗುತ್ತಾ ಎದ್ದು ಹೋಗುವವಳು.

"ಲೀಲಾ, ಡಾಕ್ಟ್ರು ಚೀಟಿ ಕೊಟ್ಟಿದ್ದರು" ಎಂದೆ.

"ಯಾವ ಡಾಕ್ಟ್ರು?"

"ಪೇಟೆಯವರು. ಅಮ್ಮನ ರಕ್ತ ನೋಡಲಿಕ್ಕೆ. ಕಾಲು ಊದಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ನೀನು ಹೊಸಕ್ಕಿ ಊಟಕ್ಕೆ ಬಂದು ಚೀಟಿ ಕೇಳಿದಾಗ ಅದನ್ನು ಒಲೆಗೆ ಹಾಕಿದೆ. ಜ್ವರವೂ ಅಲ್ಲ. ಮೂತ್ರಪಿಂಡ. ನೀಲಿ ಬಂದದ್ದೇ ಅದಕ್ಕೆ. ಮೂತ್ರಪಿಂಡ ಸೋತರೆ ಮಾತ್ರೆ ಮೈಯಲ್ಲೇ ಉಳಿದು ರಕ್ತದ ಸಕ್ಕರೆಯೂ ಇಳಿಯುತ್ತದಂತೆ. ನಿನ್ನ ಮೆಶಿನಿನಲ್ಲಿ ಕಮ್ಮಿ ಬರುವುದೂ ಅದಕ್ಕೇ ಇರಬಹುದು. ಕೈ ಕೊಡು."

ಸೌಮ್ಯ ರಬ್ಬರು ಹಿಡಿದು ನಿಂತವಳು ನಿಂತೇ ಇದ್ದಳು.

"ಎಂತಕ್ಕೆ?" ಎಂದಳು ಲೀಲ.

"ನೀನು ಎಂಟನೇ ಕ್ಲಾಸು, ಅದಕ್ಕೆ."

ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ಸೌಮ್ಯಳ ಕಡೆಗೆ ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ತೆಗಿ" ಎಂದಳು. ಅದೇ ಸಂಜೆಯ ಬಸ್ಸಿಗೆ ಮೂಡಬಿದ್ರೆಗೆ ಹೋದಳು. ಇನ್ನೂ ಒಂದು ದಿನ ಇರುವುದಿತ್ತು.

ಮೂತ್ರಪಿಂಡದ ಲೆಕ್ಕ ಹೇಳುವ ಅವಳ ಕ್ರಿಯಾಟಿನಿನ್ ಏರಿತ್ತು. ತೀರ ಕೈ ಮೀರಿಲ್ಲವಂತೆ. ಅಲ್ಲಿಯ ಡಾಕ್ಟರು ಮಾತ್ರೆ ಬದಲಿಸಿದ್ದಾರೆ, ಉಪ್ಪು ನಿಲ್ಲಿಸಿದ್ದಾರೆ, ತಿಂಗಳು ತಿಂಗಳು ರಕ್ತ ನೋಡುತ್ತಾರೆ. ಇದೆಲ್ಲ ಸೌಮ್ಯಳಿಗೆ ಫೋನು ಮಾಡಿ ಹೇಳುತ್ತಾಳೆ. ನನಗೆ ಮಾಡುವುದಿಲ್ಲ. ಭಾನುವಾರ ಹತ್ತು ಗಂಟೆ ಬರುತ್ತದೆ, ಹೋಗುತ್ತದೆ. ಮಾಡು ಎಂದು ಕೇಳುವ ಮುಖ ನನಗಿಲ್ಲ.

ಸೌಮ್ಯಳ ಹತ್ತಿರ ಒಂದು ಮಾತ್ರ ಕೇಳುತ್ತೇನೆ, ಲೀಲಳ ಕಾಲಿನ ಊತ ಹೇಗುಂಟು ಎಂದು. ಸ್ವಲ್ಪ ಇಳಿದಿದೆಯಂತೆ.